ರಜೆಗೆ ಊರಿಗೆ ಹೋಗುವಾಗ ಒಂದು ಪ್ರಿಂಟರ್ ಕೇಬಲ್ ತಗೊಂಡು ಹೋಗಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ – ನಕ್ಷೆಯಲ್ಲಿ ಮೂರು ತಾಲ್ಲೂಕು, ವೋಟು ಹಾಕುವಾಗ ಒಂದೇ ಶೃಂಗೇರಿ ಕ್ಷೇತ್ರ. ಆ ಕಡೆಯಿಂದ ಈ ಕ್ಯಾಂಪಸ್ಸಿಗೆ ಬಂದ ನಾವು ಕೆಲವರು ಇದ್ದೇವೆ. ಸಂಜೆ ಕ್ಯಾಂಟೀನಿನಲ್ಲಿ ಸೇರಿದರೆ ಅಡಿಕೆ ರೇಟು, ಮಳೆ, ಬಸ್ಸು ಎಲ್ಲ ಆದ ಮೇಲೆ ಬರುವ ಮಾತು ಹಾಡಿನದ್ದು. ನಮ್ಮೂರುಗಳಲ್ಲಿ ಈಗ ಕೀಬೋರ್ಡ್ ಇಲ್ಲದ ಕಾರ್ಯಕ್ರಮ ಕಡಿಮೆ. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ, ಶಾಲೆಯ ವಾರ್ಷಿಕೋತ್ಸವ, ಭಜನಾ ಮಂಡಳಿ, ಮದುವೆ ಮನೆಯ ಭಾವಗೀತೆ, ಎನ್.ಆರ್.ಪುರ ಕಡೆಯ ಚರ್ಚುಗಳ ಗಾಯನ ತಂಡ – ಹಾರ್ಮೋನಿಯಂ ಇದ್ದ ಎಷ್ಟೋ ಜಾಗದಲ್ಲಿ ಈಗ ಕೀಬೋರ್ಡು ಬಂದು ಕೂತಿದೆ. ಅದು ಒಳ್ಳೆಯದೋ ಕೆಟ್ಟದ್ದೋ ಅನ್ನೋ ಚರ್ಚೆ ಬೇರೆ. ಕೂತಿರುವುದಂತೂ ನಿಜ.

ಆ ಕೀಬೋರ್ಡಿನ ಬೆನ್ನಿಗೆ ಒಂದು ಚೌಕ ತೂತು ಇರುತ್ತೆ. ಪಕ್ಕದಲ್ಲಿ ‘ಯುಎಸ್‌ಬಿ ಟು ಹೋಸ್ಟ್’ ಅಂತ ಬರೆದಿರುತ್ತೆ. ನಾವು ನೋಡಿದ ಹೆಚ್ಚಿನ ಕೀಬೋರ್ಡುಗಳಲ್ಲಿ ಆ ತೂತಿನೊಳಗೆ ಧೂಳು ಬಿಟ್ಟರೆ ಇನ್ನೇನೂ ಹೋಗಿರಲಿಲ್ಲ. ನಮ್ಮ ವಾದ ಇಷ್ಟೇ: ಆ ತೂತಿಗೆ ಕೇಬಲ್ ಹಾಕಿ, ಲ್ಯಾಪ್‌ಟಾಪಿನಲ್ಲಿ ಎಡಿಟರ್ ತಂತ್ರಾಂಶ ಕೂರಿಸಿ, ಕೀಬೋರ್ಡಿನ ಒಳಗಿರುವುದನ್ನು ಉಳಿಸಿ, ತಿದ್ದಲು ಬರುವಂತೆ ಮಾಡಿಕೊಡುವುದು ಊರಿನಿಂದ ಬಂದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಕೆಲಸ. ದೂರದ ಅಂಗಡಿಗೆ ಬಿಟ್ಟುಕೊಡುವಷ್ಟು ಕಷ್ಟದ್ದೇನಲ್ಲ ಅದು.

ಎಡಿಟರ್ ಅಂದ್ರೆ ಎಂಥದ್ದು ಅಂತ ಕೇಳುವವರಿಗೆ ಒಂದು ಹಳೇ ಉದಾಹರಣೆ. 1983ರಲ್ಲಿ ಯಮಹಾ ಡಿಎಕ್ಸ್7 ಎಂಬ ಸಿಂಥಸೈಜರ್ ಬಂತು. ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್ ಕಂಡುಹಿಡಿದ ಎಫ್‌ಎಂ ವಿಧಾನದಲ್ಲಿ ನಾದ ಹುಟ್ಟಿಸುವ ಯಂತ್ರ ಅದು. ಒಂದೊಂದು ಟೋನಿಗೂ ಆರು ಆಪರೇಟರ್, ಅವುಗಳನ್ನು ಜೋಡಿಸಲು 32 ಬಗೆಯ ವಿನ್ಯಾಸ, ಒಟ್ಟು ನೂರಕ್ಕೂ ಮಿಕ್ಕಿ ಸಂಖ್ಯೆಗಳು. ಇಷ್ಟನ್ನೂ ತಿದ್ದಲು ಇದ್ದ ಪರದೆ ಎರಡೇ ಸಾಲಿನದ್ದು, ಸಾಲಿಗೆ 16 ಅಕ್ಷರ. ಕಿಟಕಿಯ ಸಂದಿಯಲ್ಲಿ ನೋಡಿಕೊಂಡು ಇಡೀ ಮನೆ ಗುಡಿಸಿದ ಹಾಗೆ! ಅದಕ್ಕೇ ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಎಲ್ಲ ಸಂಖ್ಯೆಗಳನ್ನೂ ಒಟ್ಟಿಗೆ ತೋರಿಸಿ, ಮೌಸಿನಲ್ಲಿ ತಿದ್ದಿದ್ದನ್ನು ತಕ್ಷಣ ಸಿಂಥಸೈಜರಿಗೆ ಕಳಿಸುವ ತಂತ್ರಾಂಶಗಳು ಬಂದವು. ಅವೇ ಎಡಿಟರ್‌ಗಳು. ಟೋನುಗಳನ್ನು ಫೈಲುಗಳಾಗಿ ಜೋಡಿಸಿಡುವ ಭಾಗಕ್ಕೆ ಲೈಬ್ರೇರಿಯನ್ ಅಂತ ಹೆಸರು.

ಇದು ಸಾಧ್ಯವಾಗಿದ್ದು ಮಿಡಿ ಎಂಬ ಒಪ್ಪಂದದಿಂದ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ವ್ಯಾಪಾರ ಮೇಳದಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಸಿಂಥಸೈಜರ್‌ಗಳನ್ನು ಒಂದು ಕೇಬಲ್ಲಿನಲ್ಲಿ ಜೋಡಿಸಿ ತೋರಿಸಿದರು. ಪೈಪೋಟಿಯಲ್ಲಿದ್ದ ಕಂಪನಿಗಳು ಒಂದೇ ಭಾಷೆಗೆ ಒಪ್ಪಿಕೊಂಡವು. ಯಾವ ಮನೆ ಒತ್ತಿದರು, ಎಷ್ಟು ಜೋರಾಗಿ ಒತ್ತಿದರು ಅನ್ನುವುದರ ಜೊತೆಗೆ, ಕಂಪನಿಗಳ ಸ್ವಂತ ಮಾತುಕತೆಗೆ ‘ಸಿಸ್ಟಮ್ ಎಕ್ಸ್‌ಕ್ಲೂಸಿವ್’ ಎಂಬ ಸಂದೇಶವೂ ಇದೆ. ಹೆಕ್ಸಾಡೆಸಿಮಲ್ಲಿನಲ್ಲಿ ಎಫ್0ಯಿಂದ ಶುರು, ಎಫ್7ಕ್ಕೆ ಮುಕ್ತಾಯ. ನಡುವೆ ಕಂಪನಿಯ ಗುರುತಿನ ಸಂಖ್ಯೆ: ರೋಲ್ಯಾಂಡ್‌ಗೆ 41, ಕಾರ್ಗ್‌ಗೆ 42, ಯಮಹಾಗೆ 43, ಕ್ಯಾಸಿಯೋಗೆ 44. ಮೂರನೇ ಸೆಮಿಸ್ಟರಿನ ಹುಡುಗ ಹುಡುಗಿಯರೂ ಓದಿ ಅರ್ಥ ಮಾಡಿಕೊಳ್ಳಬಹುದಾದ ಪ್ರೋಟೊಕಾಲ್ ಇದು. ಡಿಎಕ್ಸ್7ನ 32 ಟೋನುಗಳೂ ಸೇರಿ 4104 ಬೈಟ್. ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್, ಒಂದು ಬೈಟಿಗೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್. ಲೆಕ್ಕ ಹಾಕಿ ನೋಡಿ, ಪೂರ್ತಿ ಬ್ಯಾಕಪ್ಪಿಗೆ ಒಂದೂವರೆ ಸೆಕೆಂಡೂ ಬೇಡ.

ಈಗ ನಮ್ಮೂರಿಗೆ ಬರೋಣ. ಹತ್ತು ಹದಿನೈದು ವರ್ಷದಿಂದ ನುಡಿಸುತ್ತಿರುವ ಅಣ್ಣಂದಿರ ಕೀಬೋರ್ಡಿನಲ್ಲಿ ಏನಿರುತ್ತೆ? ಯಾವ ಗಾಯಕರಿಗೆ ಯಾವ ಶ್ರುತಿ, ಯಾವ ಹಾಡಿಗೆ ಯಾವ ಟೋನು, ಕೊಳಲಿಗೆ ಎಷ್ಟು ರಿವರ್ಬ್, ತಬಲಾ ರಿದಮ್ಮಿನ ವೇಗ ಎಷ್ಟು – ಇವೆಲ್ಲ ಒಂದೊಂದಾಗಿ ಕೂರಿಸಿಕೊಂಡದ್ದು. ಅದು ಅವರ ದುಡಿಮೆ. ಬಹಳ ಸಲ ಅದು ಇರುವುದು ಆ ಒಂದೇ ಯಂತ್ರದಲ್ಲಿ. ಹಳೇ ಸಿಂಥಸೈಜರ್‌ಗಳಲ್ಲಿ ಮೆಮೊರಿ ಉಳಿಯುವುದು ಒಳಗಿನ ನಾಣ್ಯದಂಥ ಬ್ಯಾಟರಿಯ ದಯೆಯಿಂದ. ಬ್ಯಾಟರಿ ಸತ್ತ ದಿನ ಟೋನುಗಳೂ ಹೋದವು. ಹೊಸದರಲ್ಲಿ ಫ್ಲ್ಯಾಶ್ ಮೆಮೊರಿ ಇದೆ, ಸರಿ. ಆದರೆ ಯಾರೋ ಕೈತಪ್ಪಿ ಫ್ಯಾಕ್ಟರಿ ರೀಸೆಟ್ ಒತ್ತಿದರೆ ಸಾಕು. ನಮ್ಮ ಮಳೆಗಾಲ ಗೊತ್ತಲ್ಲ? ಜೂನಿಂದ ಬಟ್ಟೆಯೇ ಒಣಗದ ಕಡೆ ಸರ್ಕ್ಯೂಟ್ ಬೋರ್ಡ್ ಎಷ್ಟು ದಿನ ಒಣಗಿದ್ದೀತು? ಸಿಡಿಲು ಬೇರೆ. ಕೀಬೋರ್ಡ್ ಹೋದರೆ ಸಾಲ ಮಾಡಿಯಾದರೂ ಇನ್ನೊಂದು ತರಬಹುದು. ಹತ್ತು ವರ್ಷದ ಸೆಟ್ಟಿಂಗ್ ಎಲ್ಲಿ ಸಿಗುತ್ತೆ?

ಕೂರಿಸುವ ಕೆಲಸ ಹೇಗೆ ಅಂತಲೂ ಹೇಳಿಬಿಡೋಣ. ಮೊದಲು ಆ ಚೌಕ ತೂತಿಗೆ ಬೇಕಾದ ಕೇಬಲ್. ಪ್ರಿಂಟರಿಗೆ ಹಾಕುವ ಕೇಬಲ್ಲೇ ಅದು, ಬೇರೆ ಏನೂ ಅಲ್ಲ. ಚಪ್ಪಟೆ ತೂತು ಇದ್ದರೆ ಅದು ‘ಟು ಡಿವೈಸ್’, ಪೆನ್‌ಡ್ರೈವಿಗೆ. ಆಮೇಲೆ ಡ್ರೈವರ್. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ‘ಕ್ಲಾಸ್ ಕಂಪ್ಲಯಂಟ್’ ಆದ ಕೀಬೋರ್ಡುಗಳು ಹಾಕಿದ ಕೂಡಲೇ ಕಾಣಿಸುತ್ತವೆ. ವಿಂಡೋಸಿನಲ್ಲಿ ಕೆಲವಕ್ಕೆ ಕಂಪನಿಯ ಡ್ರೈವರ್ ಬೇಕು. ಊರಿನ ನೆಟ್‌ವರ್ಕ್ ನಂಬಬೇಡಿ. ಡ್ರೈವರ್, ಎಡಿಟರ್, ಮ್ಯಾನ್ಯುಯಲ್ ಮೂರನ್ನೂ ಇಲ್ಲೇ ಹಾಸ್ಟೆಲ್ ವೈಫೈನಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಕಂಪನಿಯ ಅಧಿಕೃತ ತಾಣದಿಂದಲೇ ಇಳಿಸಿ.

ಆಮೇಲೆ ಎಡಿಟರ್ ತೆರೆದು ಒಳಬರುವ ಪೋರ್ಟ್, ಹೊರಹೋಗುವ ಪೋರ್ಟ್ ಎರಡನ್ನೂ ಆರಿಸಬೇಕು. ಒಂದೇ ಆರಿಸಿದರೆ ಕೀಬೋರ್ಡ್ ಕೇಳಿಸಿಕೊಳ್ಳುತ್ತೆ, ಉತ್ತರ ಕೊಡಲ್ಲ. ಏನೂ ಆಗದಿದ್ದರೆ ನೋಡಬೇಕಾದ್ದು ನಾಲ್ಕು. ಒಂದು, ವಿಂಡೋಸಿನಲ್ಲಿ ಬಹಳಷ್ಟು ಡ್ರೈವರ್‌ಗಳು ಒಂದು ಹೊತ್ತಿಗೆ ಒಂದೇ ತಂತ್ರಾಂಶಕ್ಕೆ ಪೋರ್ಟ್ ಕೊಡುತ್ತವೆ. ಹಿಂದೆ ತೆರೆದಿರುವ ರೆಕಾರ್ಡಿಂಗ್ ತಂತ್ರಾಂಶ ಮುಚ್ಚಿ. ಎರಡು, ಡಿವೈಸ್ ಐಡಿ ಎರಡೂ ಕಡೆ ಒಂದೇ ಇರಬೇಕು. ಮೂರು, ಹಳೇ ಯಂತ್ರಗಳಲ್ಲಿ ಮೆಮೊರಿ ಪ್ರೊಟೆಕ್ಟ್ ಆಫ್ ಮಾಡಬೇಕು, ಸಿಸ್ಟಮ್ ಎಕ್ಸ್‌ಕ್ಲೂಸಿವ್ ಆನ್ ಮಾಡಬೇಕು. ನಾಲ್ಕು, ದುಂಡಗಿನ ಐದು ಪಿನ್ನಿನ ಮಿಡಿಯಿಂದ ಯುಎಸ್‌ಬಿಗೆ ಹೋಗುವ ತೀರಾ ಅಗ್ಗದ ಕೇಬಲ್‌ಗಳಲ್ಲಿ ಕೆಲವು ಉದ್ದ ಸಂದೇಶಗಳನ್ನು ಅರ್ಧಕ್ಕೇ ನುಂಗಿಬಿಡುತ್ತವೆ. ಸ್ವರ ಸರಿಯಾಗಿ ಬರುತ್ತೆ, ಬ್ಯಾಕಪ್ ಮಾತ್ರ ಕೆಡುತ್ತೆ. ಸಂಪರ್ಕ ಸಿಕ್ಕ ಕೂಡಲೇ ಏನನ್ನೂ ತಿದ್ದಬೇಡಿ. ಮೊದಲು ಇರುವುದನ್ನೆಲ್ಲ ಉಳಿಸಿ, ಫೈಲಿಗೆ ತಾರೀಕು ಹಾಕಿ, ಎರಡು ಕಡೆ ಇಡಿ. ಇನ್ನು ಫರ್ಮ್‌ವೇರ್ ಅಪ್‌ಡೇಟ್ ಅನ್ನುವ ಆಸೆ ಬಂದರೆ, ಯುಪಿಎಸ್ ಇಲ್ಲದೆ ಆಷಾಢದಲ್ಲಿ ಕೈ ಹಾಕಬೇಡಿ ಮಾರಾಯ್ರೇ. ಅಪ್‌ಡೇಟಿನ ನಡುವೆ ಕರೆಂಟು ಹೋದರೆ ಕೀಬೋರ್ಡ್ ಮೇಲೇಳದೆಯೂ ಇರಬಹುದು.

ಎಲ್ಲ ಕೀಬೋರ್ಡಿಗೂ ಎಡಿಟರ್ ಇರಲ್ಲ ಅನ್ನೋದನ್ನೂ ಹೇಳಬೇಕು. ಯಮಹಾದ ದೊಡ್ಡ ಅರೇಂಜರ್‌ಗಳಿಗೆ ‘ಎಕ್ಸ್‌ಪಾನ್ಷನ್ ಮ್ಯಾನೇಜರ್’ ಇದೆ: ಕೀಬೋರ್ಡಿನ ಗುರುತಿನ ಫೈಲನ್ನು ಪೆನ್‌ಡ್ರೈವಿಗೆ ತೆಗೆದು, ಕಂಪ್ಯೂಟರಿನಲ್ಲಿ ಟೋನುಗಳ ಪ್ಯಾಕ್ ಕಟ್ಟಿ, ವಾಪಸ್ ಕೀಬೋರ್ಡಿಗೆ ಹಾಕುವುದು. ಸಣ್ಣ ಕೀಬೋರ್ಡುಗಳಲ್ಲಿ ಬರೀ ಬ್ಯಾಕಪ್ ಸಿಕ್ಕರೂ ಲಾಭವೇ. ಕೈಯಲ್ಲಿ ಸಿಂಥಸೈಜರ್ ಇಲ್ಲದವರು ‘ಡೆಕ್ಸೆಡ್’ ಎಂಬ ಉಚಿತ, ಮುಕ್ತ ತಂತ್ರಾಂಶ ಹಾಕಿಕೊಳ್ಳಬಹುದು. ಅದು ಡಿಎಕ್ಸ್7ನ ಹಾಗೆ ನುಡಿಯುತ್ತೆ, ನಿಜವಾದ ಡಿಎಕ್ಸ್7 ಇದ್ದರೆ ಅದಕ್ಕೆ ಎಡಿಟರೂ ಆಗುತ್ತೆ.

ಬ್ಯಾಕಪ್ ಒಂದೇ ಕಾರಣವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಇನ್ನೊಂದು ಕಾರಣ ಶ್ರುತಿ. ಕಾರ್ಖಾನೆಯಿಂದ ಬರುವ ಕೀಬೋರ್ಡ್ ಒಂದು ಸ್ಥಾಯಿಯ 1200 ಸೆಂಟನ್ನು 12 ಮನೆಗೆ ಸಮವಾಗಿ ಹಂಚಿಕೊಂಡಿರುತ್ತೆ. ಅದರ ಅಂತರ ಗಾಂಧಾರ ಷಡ್ಜದಿಂದ 400 ಸೆಂಟ್ ಮೇಲೆ. ತಂಬೂರಿಯ ನಾದದಲ್ಲಿ ತಾನಾಗಿ ಕೇಳುವ ಗಾಂಧಾರ, ಅಂದರೆ 5:4ರ ಅನುಪಾತದ್ದು, ಸುಮಾರು 386 ಸೆಂಟ್. ಆ 14 ಸೆಂಟಿನ ವ್ಯತ್ಯಾಸ ಕಿವಿ ಪಳಗಿದ ಭಜನೆಯ ಹಿರಿಯರಿಗೆ ಗೊತ್ತಾಗುತ್ತೆ. ‘ಏನೋ ಸರಿ ಸೇರ್ತಾ ಇಲ್ಲ’ ಅಂತಾರೆ, ಕಾರಣ ಹೇಳೋಕೆ ಅವರ ಹತ್ತಿರ ಸೆಂಟಿನ ಲೆಕ್ಕ ಇರಲ್ಲ. ಲೆಕ್ಕ ಇರುವುದು ನಮ್ಮ ಹತ್ತಿರ. ಅನೇಕ ಕೀಬೋರ್ಡುಗಳಲ್ಲಿ ‘ಸ್ಕೇಲ್ ಟ್ಯೂನಿಂಗ್’ ಇದೆ, ಒಂದೊಂದು ಮನೆಯನ್ನೂ ಸೆಂಟಿನ ಲೆಕ್ಕದಲ್ಲಿ ಏರಿಸಿ ಇಳಿಸಬಹುದು. ಕಪ್ಪು ಎರಡರಲ್ಲಿ ಹಾಡುವವರಿಗೆ ಅಂತರ ಗಾಂಧಾರ ಬರುವುದು ಬಿಳಿ ಐದರಲ್ಲಿ. ಅದನ್ನು 14 ಸೆಂಟ್ ಇಳಿಸಿ ಬೇರೆ ಹೆಸರಿನಲ್ಲಿ ಉಳಿಸಿಟ್ಟರೆ ಆಯಿತು. ಬಿಳಿ ಒಂದರಲ್ಲಿ ಹಾಡುವವರಿಗೆ ಬಿಳಿ ಮೂರು. ಕಾರ್ಡ್ ಹಿಡಿಯುವ ಸಿನಿಮಾ ಹಾಡಿಗೆ ಈ ಸೆಟ್ಟಿಂಗ್ ಬೇಡ, ಅದಕ್ಕೆ ಸಮ ಹಂಚಿಕೆಯೇ ಸರಿ. ಯಾವುದು ಎಲ್ಲಿ ಅಂತ ತೀರ್ಮಾನಿಸುವುದು ಹಾಡುವವರು. ತೀರ್ಮಾನಿಸುವ ಅವಕಾಶ ಇದೆ ಅಂತ ಅವರಿಗೆ ಹೇಳುವವರು ಬೇಕಲ್ಲ?

ನಾವು ಈ ಮಾತು ಎತ್ತಿದಾಗ ಗೆಳೆಯರಿಂದ ಮೂರು ಆಕ್ಷೇಪ ಬಂದವು. ‘ಫೋನಿನಲ್ಲೇ ಎಲ್ಲ ಸಿಗುವಾಗ ಇದೆಲ್ಲ ಯಾಕೆ?’ ಫೋನ್ ಚೆನ್ನಾಗೇ ಇದೆ. ಆದರೆ ವೇದಿಕೆಯ ಮೇಲೆ ಎರಡು ಕೈಯಲ್ಲಿ ನುಡಿಸುವವರ ಮುಂದೆ ಇರುವುದು ಕೀಬೋರ್ಡ್, ಅವರು ದುಡ್ಡು ಹಾಕಿರುವುದೂ ಅದಕ್ಕೇ. ‘ಇದು ಕದ್ದ ಟೋನು ತುಂಬುವ ದಂಧೆಗೆ ದಾರಿ ಅಲ್ವಾ?’ ಇದು ಒಪ್ಪಬೇಕಾದ ಭಯ. ಇನ್ನೊಬ್ಬರು ದುಡಿದು ಮಾಡಿ ಮಾರುವ ಪ್ಯಾಕನ್ನು ಪೆನ್‌ಡ್ರೈವಿನಲ್ಲಿ ಹಂಚುವುದು ಕಳ್ಳತನವೇ, ಅದನ್ನು ನಾವು ಮಾಡಬಾರದು. ಆದರೆ ತಾನೇ ಟೋನು ತಿದ್ದಿಕೊಳ್ಳಲು ಕಲಿತವರಿಗೆ ಕದ್ದದ್ದರ ಅಗತ್ಯ ಕಡಿಮೆಯಾಗುತ್ತೆ ಅಂತ ನಮ್ಮ ನಂಬಿಕೆ. ಮೂರನೆಯದು, ‘ವಿದೇಶಿ ಯಂತ್ರಕ್ಕೆ ನಮ್ಮ ಸಂಗೀತ ಒಗ್ಗೋದೇ ಇಲ್ಲ.’ 1982ರಲ್ಲೇ ಮುಂಬೈಯ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಯಂತ್ರಗಳಲ್ಲಿ ಹತ್ತು ರಾಗ ನುಡಿಸಿ ರೆಕಾರ್ಡ್ ತಂದಿದ್ದರು. ಯಂತ್ರ ಒಗ್ಗುವುದು ಒಗ್ಗಿಸಿಕೊಳ್ಳುವವರು ಇದ್ದಾಗ.

ಹಾಗೆ ಒಗ್ಗಿಸಿದವರಲ್ಲಿ ಇಂಜಿನಿಯರುಗಳೂ ಇದ್ದಾರೆ. ಬೆಂಗಳೂರಿನ ರಾಡೆಲ್ ಸಂಸ್ಥೆ ಕಟ್ಟಿದ ಜಿ. ರಾಜ್ ನಾರಾಯಣ್ ಇಂಜಿನಿಯರ್ ಕೂಡ ಹೌದು, ಕೊಳಲು ವಾದಕರೂ ಹೌದು. 1970ರ ದಶಕದ ಕೊನೆಯಲ್ಲಿ ಅವರು ರೂಪಿಸಿದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯ ಜಾತಿಯದ್ದೇ ಇವತ್ತು ಕಛೇರಿಯಲ್ಲೂ ಯಕ್ಷಗಾನದ ಭಾಗವತರ ಪಕ್ಕದಲ್ಲೂ ಕಾಣುವುದು. ಇನ್ನೊಂದು ಬಗೆಯ ಕೀಬೋರ್ಡಿನ ಕತೆಯೂ ಹಾಗೇ. ಕೆ. ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆ ವಿನ್ಯಾಸ ಮಾಡಿಕೊಟ್ಟಿದ್ದರಿಂದ ನಾವು ಈ ಲೇಖನವನ್ನು ಆರಾಮಾಗಿ ಟೈಪ್ ಮಾಡಿದ್ದೇವೆ.

ನಮ್ಮ ಮುಂದಿರುವುದು ಅಷ್ಟು ದೊಡ್ಡ ಕೆಲಸ ಏನಲ್ಲ. ಮುಂದಿನ ರಜೆಯಲ್ಲಿ ಒಬ್ಬೊಬ್ಬರು ಒಂದೊಂದು ಕೀಬೋರ್ಡ್ ಹಿಡಿಯೋಣ. ಕೊಪ್ಪ ನಡುವೆ ಇದೆ, ಶೃಂಗೇರಿಯವರಿಗೂ ಎನ್.ಆರ್.ಪುರದವರಿಗೂ ಬಸ್ಸಿಗೆ ಅನುಕೂಲ. ಅಲ್ಲೇ ಒಂದು ಭಾನುವಾರ ಎಲ್ಲರೂ ಸೇರಬಹುದು. ಯಂತ್ರ ಅವರದ್ದು, ಆದ್ದರಿಂದ ಬ್ಯಾಕಪ್ ಫೈಲೂ ಅವರ ಕೈಗೇ ಕೊಟ್ಟು ಬರೋಣ, ನಮ್ಮ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡು ಬರುವುದಲ್ಲ. ಮಾಡಿದ್ದನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆಯೋಣ: ಯಾವ ಮಾದರಿ, ಯಾವ ಕೇಬಲ್, ಯಾವ ಡ್ರೈವರ್, ಎಲ್ಲಿ ಸಿಕ್ಕಿಹಾಕಿಕೊಂಡಿತು, ಹೇಗೆ ಬಿಡಿಸಿದೆವು. ನಾವು ನೋಡಿದ ಕೀಬೋರ್ಡುಗಳ ಜೊತೆ ಬಂದ ಪುಸ್ತಕಗಳಲ್ಲಿ ಕನ್ನಡ ಇರಲಿಲ್ಲ. ನಮ್ಮ ಒಂದು ಪುಟವೇ ಆ ಮಾದರಿಗೆ ಕನ್ನಡದ ಮ್ಯಾನ್ಯುಯಲ್ ಆಗಬಹುದು.

ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ಕಂಪ್ಯೂಟರ್ ಸೈನ್ಸ್ ಮತ್ತು ಇಲೆಕ್ಟ್ರಾನಿಕ್ಸಿನವರಿಗೆ ಕೊನೆಯದಾಗಿ ಒಂದು ಮಾತು. ಕ್ರೋಮ್ ಬ್ರೌಸರಿನಲ್ಲಿ 2015ರಿಂದಲೂ ವೆಬ್ ಮಿಡಿ ಇದೆ. ಅನುಮತಿ ಕೊಟ್ಟರೆ ಬ್ರೌಸರಿನ ಪುಟವೊಂದೇ ಕೀಬೋರ್ಡಿನ ಜೊತೆ ಸಿಸ್ಟಮ್ ಎಕ್ಸ್‌ಕ್ಲೂಸಿವ್ ಭಾಷೆಯಲ್ಲಿ ಮಾತಾಡಬಲ್ಲದು, ಎಡಿಟರನ್ನು ಇನ್‌ಸ್ಟಾಲ್ ಮಾಡುವ ಗೋಜೇ ಇಲ್ಲ. ‘ಶ್ರುತಿ’, ‘ಗಾಂಧಾರ’, ‘ಉಳಿಸು’ ಅಂತ ಕನ್ನಡದಲ್ಲೇ ಗುಂಡಿಗಳಿರುವ ಒಂದು ಸಣ್ಣ ಎಡಿಟರ್ ಮಾಡಿ. ಇನ್ನೊಂದು ಅಟೆಂಡೆನ್ಸ್ ಸಿಸ್ಟಮ್ ಯಾರಿಗೆ ಬೇಕು? ಇದನ್ನು ಬಳಸುವವರು ಯಾರು ಅಂತ ವೈವಾದಲ್ಲಿ ಕೇಳಿದರೆ, ಕೊಪ್ಪದ ಬಸ್ಸಿನ ಟೈಮ್ ಹೇಳಿ.