ಮೇಷ್ಟ್ರು ಮೊದಲು ವಿದ್ಯಾರ್ಥಿಯಾಗಬೇಕೆ?

ಬ್ಯಾಟರಿಯ ಆಟಿಕೆ ಕಾರೊಂದು ನೆಲದ ಮೇಲೆ ಒಂದೇ ವೇಗದಲ್ಲಿ ಹೋಗುತ್ತಿದೆ. ಅದರ ಹಿಂದೆ ಮಂಡಿಯೂರಿಕೊಂಡು ದೂರ, ಸಮಯ ಅಳೆಯುತ್ತಿರುವವರು ಹೈಸ್ಕೂಲಿನ ಭೌತಶಾಸ್ತ್ರದ ಮೇಷ್ಟ್ರುಗಳು. ಅಳತೆಯಿಂದ ಗ್ರಾಫ್ ಎಳೆದು, ಚಿಕ್ಕ ಬಿಳಿಹಲಗೆಯ ಮೇಲೆ ಬರೆದು, ಉಳಿದವರೆದುರು ಹಿಡಿಯುತ್ತಾರೆ. ಈ ಗೆರೆಯ ಇಳಿಜಾರು ಏನನ್ನು ಹೇಳುತ್ತದೆ? ಕಾರು ತಿರುಗಿ ಬಂದಿದ್ದರೆ ಗೆರೆ ಹೇಗಿರುತ್ತಿತ್ತು? ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಬೆಳೆದ ‘ಮಾಡೆಲಿಂಗ್’ ಪದ್ಧತಿಯಲ್ಲಿ ಶಿಕ್ಷಕರ ಬೇಸಿಗೆ ತರಬೇತಿ ನಡೆಯುವುದು ಹೀಗೆ, ಸಾಮಾನ್ಯವಾಗಿ ಮೂರು ವಾರ.

ಇದರ ಹಿಂದೆ ಒಬ್ಬ ಮೇಷ್ಟ್ರ ಸಂಕಟವಿದೆ. ಮ್ಯಾಲ್ಕಮ್ ವೆಲ್ಸ್ ನುರಿತ ಹೈಸ್ಕೂಲ್ ಶಿಕ್ಷಕರು, ಪ್ರಯೋಗ ಮಾಡಿಸಿಯೇ ಪಾಠ ಹೇಳುತ್ತಿದ್ದವರು. ಆದರೂ ಬಲ ಮತ್ತು ಚಲನೆಯ ಮೂಲ ಕಲ್ಪನೆಗಳ ಪರೀಕ್ಷೆಯಲ್ಲಿ ಅವರ ಮಕ್ಕಳು ಎಡವಿದರು. ಕೈಗೆ ಸಾಮಾನು ಕೊಟ್ಟ ಮಾತ್ರಕ್ಕೆ ತಲೆಗೆ ವಿಷಯ ಇಳಿಯುವುದಿಲ್ಲ ಎಂದು ಕಂಡುಕೊಂಡ ವೆಲ್ಸ್, ಅದೇ ಯೂನಿವರ್ಸಿಟಿಯ ಭೌತವಿಜ್ಞಾನಿ ಡೇವಿಡ್ ಹೆಸ್ಟೆನೆಸ್ ಜೊತೆ ಸೇರಿ ಪಾಠವನ್ನು ಹೊಸದಾಗಿ ಕಟ್ಟಿದರು: ಅಳೆದದ್ದರಿಂದ ಮಕ್ಕಳೇ ಒಂದು ಮಾದರಿ ರೂಪಿಸಬೇಕು, ಅದು ಎಲ್ಲಿಯವರೆಗೆ ನಿಲ್ಲುತ್ತದೆಂದು ವಾದಿಸಬೇಕು.

ಮಕ್ಕಳನ್ನು ತೊಡಗಿಸುವ ಇಂಥ ದಾರಿಗಳಿಗೆ ಸಾಕ್ಷಿ ಇದೆ. 1998ರಲ್ಲಿ ಭೌತವಿಜ್ಞಾನಿ ರಿಚರ್ಡ್ ಹೇಕ್, ಇಂಥದೇ ಮೂಲ ಕಲ್ಪನೆಗಳ ಪರೀಕ್ಷೆ ಬರೆದ 62 ಕೋರ್ಸುಗಳ 6,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕ ಒಟ್ಟುಹಾಕಿದರು. ಬರೀ ಪಾಠ ಕೇಳಿದ ತರಗತಿಗಳು, ಕಲಿಯಲು ಬಾಕಿಯಿದ್ದುದರಲ್ಲಿ ಸುಮಾರು ಕಾಲುಭಾಗವನ್ನಷ್ಟೇ ಗಳಿಸಿದ್ದವು. ಮಕ್ಕಳನ್ನು ಮಾತಿಗೆ, ಕೆಲಸಕ್ಕೆ ಹಚ್ಚಿದವು ಹೆಚ್ಚುಕಡಿಮೆ ಅರ್ಧದಷ್ಟು. ಆದರೆ ಅಂಕ ಕಳಿಸಿದವರಲ್ಲಿ ಹೆಚ್ಚಿನವರು ತಾವಾಗಿ ಮುಂದೆ ಬಂದವರು. ಉತ್ಸಾಹಿ ಮೇಷ್ಟ್ರ ಫಲವೆಷ್ಟು, ಪದ್ಧತಿಯ ಫಲವೆಷ್ಟು ಎಂದು ಬಿಡಿಸುವುದು ಸುಲಭವಲ್ಲ.

ಎದುರು ವಾದವನ್ನೂ ತಳ್ಳಿಹಾಕಲಾಗದು. 2006ರಲ್ಲಿ ಶಿಕ್ಷಣ ಮನೋವಿಜ್ಞಾನಿಗಳಾದ ಕಿರ್ಶ್ನರ್, ಸ್ವೆಲ್ಲರ್, ಕ್ಲಾರ್ಕ್ ಬರೆದ ಪ್ರಬಂಧದ ಸಾರ ಇಷ್ಟು: ಹೊಸಬನ ತಲೆ ಒಮ್ಮೆಗೆ ಹೊರಬಲ್ಲದ್ದು ಕಡಿಮೆ, ದಾರಿ ತೋರದೆ ‘ನೀನೇ ಕಂಡುಹಿಡಿ’ ಎಂದರೆ ಅವನು ದಾರಿ ಹುಡುಕುವುದರಲ್ಲೇ ದಣಿಯುತ್ತಾನೆ. ಮಾಡೆಲಿಂಗ್‌ನಲ್ಲಿ ಮೇಷ್ಟ್ರ ಪ್ರಶ್ನೆಗಳೇ ದಾರಿ, ಹಾಗಾಗಿ ಏಟು ಅದಕ್ಕೆ ಪೂರ್ತಿ ತಾಗುವುದಿಲ್ಲ. ಆದರೆ ಆ ಪ್ರಶ್ನೆ ಕೇಳಲು ಬಾರದವರ ಕೈಯಲ್ಲಿ ಟೀಕೆ ಅಕ್ಷರಶಃ ನಿಜವಾಗುತ್ತದೆ. ಮೇಲಾಗಿ ಸಮಯ ಹಿಡಿಯುತ್ತದೆ. ಪೋರ್ಷನ್ ಮುಗಿಸಬೇಕಾದ ಶಿಕ್ಷಕರ ಅಳಲು ಸೋಮಾರಿತನದ್ದಲ್ಲ.

ಪ್ರಯೋಗದಿಂದ ಕಲಿಸುವುದನ್ನು ನಮ್ಮ ದೇಶವೂ ಮಾಡಿ ನೋಡಿದೆ. ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮ 1972ರಲ್ಲಿ 16 ಶಾಲೆಗಳಲ್ಲಿ ಶುರುವಾಯಿತು. ಪ್ರಯೋಗದ ಕಿಟ್, ಬೇಸಿಗೆ ತರಬೇತಿ, ಶಿಕ್ಷಕರ ಮಾಸಿಕ ಸಭೆ, ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆ ಎಲ್ಲ ಒಟ್ಟಿಗಿತ್ತು. ನನಗೆ ಇದರಲ್ಲಿ ಮುಖ್ಯವೆನಿಸುವುದು ಆ ಮಾಸಿಕ ಸಭೆ. ಮೇಷ್ಟ್ರು ತರಗತಿಯಲ್ಲಿ ಸಿಕ್ಕಿಬಿದ್ದ ಜಾಗವನ್ನು ಇನ್ನೊಬ್ಬ ಮೇಷ್ಟ್ರೆದುರು ಹೇಳಿಕೊಳ್ಳಬಹುದಿತ್ತು. 2002ರಲ್ಲಿ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿತು.

ಇದನ್ನೆಲ್ಲ ನೋಡಿದರೆ ನನ್ನ ಮನಸ್ಸು ಮಾಡೆಲಿಂಗ್ ಪದ್ಧತಿಯ ಕಡೆ ವಾಲುತ್ತದೆ, ಎರಡು ದಿನದ ಕಾರ್ಯಾಗಾರ ಮುಗಿಸಿ ಅದನ್ನು ಎಲ್ಲ ಶಾಲೆಗೂ ಹೇರುವುದರ ಕಡೆ ಅಲ್ಲ. ಎರಡು ದಿನ ಯಾಕೆ ಸಾಲದು ಎನ್ನಲು ಒಂದು ಪ್ರಶ್ನೆ ಸಾಕು: ಲಾರಿಯೊಂದು ಸಣ್ಣ ಕಾರಿಗೆ ಗುದ್ದಿದರೆ ಯಾವುದು ಇನ್ನೊಂದರ ಮೇಲೆ ಹಾಕುವ ಬಲ ಹೆಚ್ಚು? ಎರಡರದೂ ಸಮ. ತರಬೇತಿಯಲ್ಲಿ ಮೇಷ್ಟ್ರು ವಿದ್ಯಾರ್ಥಿಯ ಜಾಗದಲ್ಲಿ ಕೂತು ‘ಲಾರಿಯದೇ ಹೆಚ್ಚು’ ಎಂದು ಗಟ್ಟಿಯಾಗಿ ವಾದಿಸಬೇಕು, ಯಾಕೆ ಹಾಗನ್ನಿಸಿತೆಂದು ಹೇಳಬೇಕು, ಸಹೋದ್ಯೋಗಿಗಳೆದುರು ಮಾತು ಬದಲಿಸಬೇಕು. ಅಷ್ಟು ಸಂಕೋಚ ಬಿಡಲಿಕ್ಕೇ ಮೊದಲ ವಾರ ಬೇಕಾದೀತು.