ಚಾಪೆಯ ಮಾತು ಗ್ರಾಮಸಭೆಗೆ ಬರಲಿ

ಗೆಳತಿಯರೇ,

ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ನಿಜವಾದ ಮಾತು ಶುರುವಾಗುತ್ತದೆ. ಯಾರಿಗೆ ಹೊಡೆತ ಬಿತ್ತು, ಯಾರು ತೆಗೆದ ಸಾಲ ಮಗಳ ವರದಕ್ಷಿಣೆಗೆ ಹೋಯಿತು ಎಲ್ಲ ಅಲ್ಲೇ ಗೊತ್ತಾಗುತ್ತದೆ. ಚಾಪೆ ಮಡಚಿದೊಡನೆ ಮಾತೂ ಮುಗಿಯುತ್ತದೆ. ಅದು ಗ್ರಾಮಸಭೆಗೆ ಹೋಗಬೇಕು ಎನ್ನುತ್ತೇನೆ ನಾನು.

ಹೀಗೆ ನಡೆದದ್ದುಂಟು. 1990ರ ದಶಕದ ಆರಂಭದಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಯಲು ಸೇರಿದ ಹೆಂಗಸರು ಸಾರಾಯಿಯ ವಿರುದ್ಧ ಎದ್ದು ನಿಂತರು. ಹೋರಾಟ ಊರೂರಿಗೆ ಹಬ್ಬಿತು. 1993ರಲ್ಲಿ ಆಂಧ್ರ ಸರ್ಕಾರ ಸಾರಾಯಿಯನ್ನು ನಿಷೇಧಿಸಬೇಕಾಯಿತು.

ನಮ್ಮಲ್ಲಿ 1987ರ ಮಂಡಲ ಪಂಚಾಯತಿ ಚುನಾವಣೆಯಲ್ಲೇ ಹೆಂಗಸರಿಗೆ ಶೇಕಡ 25ರಷ್ಟು ಸ್ಥಾನ ಸಿಕ್ಕಿತ್ತು. ಈಗ ಅರ್ಧದಷ್ಟು ನಮ್ಮದು. ಆದರೂ ಎಷ್ಟೋ ಕಡೆ ಸದಸ್ಯೆಯ ಪರವಾಗಿ ಗಂಡನೇ ಮಾತಾಡುತ್ತಾನೆ. ಸಂಘದ ಇಪ್ಪತ್ತು ಮಂದಿ ಎದುರಿಗೆ ಕೂತರೆ ಅವಳಿಗೂ ಧೈರ್ಯ ಬರುತ್ತದೆ.

ಗ್ರಾಮಸಭೆಯಲ್ಲಿ ಏಟು ತಿಂದವಳ ಹೆಸರೆತ್ತುವುದು ಬೇಡ. ಮನೆಗೆ ಹೋದಮೇಲೆ ಅವಳಿಗೆ ಇನ್ನೆರಡು ಏಟು ಬಿದ್ದೀತು. ಕೇಳಬೇಕಾದದ್ದು ಬೇರೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಹಿಂಸೆ ಕಂಡ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ನೊಂದವಳೇ ಹೋಗಬೇಕೆಂದಿಲ್ಲ. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ಆ ಅಧಿಕಾರಿಯ ಹೆಸರು, ಫೋನ್ ನಂಬರನ್ನು ಪಂಚಾಯತಿ ಗೋಡೆಯ ಮೇಲೆ ಬರೆಸಲು ಒತ್ತಾಯಿಸಿ. ನಡಾವಳಿ ಪುಸ್ತಕದಲ್ಲಿ ಠರಾವು ದಾಖಲಾಗುವವರೆಗೂ ಏಳಬೇಡಿ.

ಹತ್ತು ರೂಪಾಯಿ ಕೂಡಿಡಲು ಒಗ್ಗೂಡಿದವರು ನಾವು. ಒಂದು ಜೀವ ಉಳಿಸಲು ಒಗ್ಗೂಡಲಾರೆವೇ?