ಹೆರಿಗೆಯೂ ವ್ಯಾಪಾರವೇ?

ಆಸ್ಪತ್ರೆ ಬೇಡ, ಮನೆಯಲ್ಲೇ ಸಹಜವಾಗಿ ಹೆರುತ್ತೇನೆಂಬ ಹೆಂಗಸನ್ನು ಮೂಢಳೆಂದು ಜರೆಯುವವರು ಮೊದಲು ಅವಳ ಭಯ ಕೇಳಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ: ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ನೂರು ಹೆರಿಗೆಗೆ ಸುಮಾರು 14 ಸಿಸೇರಿಯನ್, ಖಾಸಗಿಯಲ್ಲಿ 47! ದುಡ್ಡು ಕಟ್ಟುವವಳ ಗರ್ಭವನ್ನು ದೇವರು ಬೇರೆಯಾಗಿ ಮಾಡಿದನೇ?

ಹಾಗೆಂದು ಹಳೆಯ ಕಾಲವೇ ಚೆನ್ನಾಗಿತ್ತೆನ್ನುವವರಿಗೂ ಮರುಳಾಗಬೇಡಿ. ಹೆತ್ತ ಮೇಲೆ ರಕ್ತ ನಿಲ್ಲದಿದ್ದರೆ ಎರಡೇ ಗಂಟೆಯಲ್ಲಿ ತಾಯಿ ಸಾಯಬಹುದು. ಆಗ ಬೇಕಾದದ್ದು ಸೂಜಿಮದ್ದು, ರಕ್ತ, ವಾಹನ.

ಪಾವಗಡದ ಸೂಲಗಿತ್ತಿ ನರಸಮ್ಮ ಕಾಸು ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು, ಸಂತೋಷ. ಅಂಥ ಕೈಗಳಿಗೆ ತರಬೇತಿ, ಸಂಬಳ ಎಲ್ಲಿ? ನೆದರ್ಲೆಂಡ್ಸಿನಲ್ಲಿ ಓದಿ ಪಳಗಿದ ಸೂಲಗಿತ್ತಿ ಮನೆಗೇ ಬರುತ್ತಾಳೆ, ಖರ್ಚು ವಿಮೆಯದು, ತೊಡಕಾದರೆ ಒಡನೆ ಆಸ್ಪತ್ರೆಗೆ ಸಾಗಿಸುವ ಏರ್ಪಾಡಿದೆ. ಮನೆಯ ಹೆರಿಗೆಯನ್ನು ಆಯ್ಕೆ ಎನ್ನಬಹುದಾದದ್ದು ಅಲ್ಲಿ. ಇಲ್ಲಿ ಬಡವಳ ಮುಂದಿರುವುದು ಎರಡೇ ದಾರಿ: ಸಾಲ, ಇಲ್ಲವೇ ಸಾವಿನೊಡನೆ ಜೂಜು.

ಮಿಲ್ಲಿನ ಸೋದರರೇ, ಅಂಗಡಿಯ ಬಂಧುಗಳೇ! ಕೇರಿಗೊಬ್ಬ ಸಂಬಳದ ಸೂಲಗಿತ್ತಿ, ಕರೆದೊಡನೆ ಬರುವ ವಾಹನ, ತಾಲೂಕು ಆಸ್ಪತ್ರೆಯಲ್ಲಿ ಹಗಲಿರುಳೂ ವೈದ್ಯರು, ರಕ್ತ. ಓಟು ಕೇಳಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಇದನ್ನು ಕೇಳಿ.